‘ಗೆಟ್’ ಪದದ ಬಾಲ ಹಿಡಿಯುವುದು ಹೇಗೆ?

ಕನ್ನಡ ಕಲಿಯುತ್ತಿರುವವರೊಬ್ಬರು ‘ಹೊಡೆ’ ಅಂದರೆ ಏನು ಅಂತ ಕೇಳಿದರು ಅಂದುಕೊಳ್ಳಿ. ಏಟು ಕೊಡುವುದು ಅಂತ ಹೇಳಿ ಮುಗಿಸುತ್ತೀರಿ. ಆಮೇಲೆ ಅವರ ಕಿವಿಗೆ ಬೀಳುವುದೇನು? ಗೋಡೆಗೆ ಬಣ್ಣ ಹೊಡೆದರು. ಮಧ್ಯಾಹ್ನ ಚೆನ್ನಾಗಿ ನಿದ್ದೆ ಹೊಡೆದ. ಸೈಕಲ್ಲಿಗೆ ಗಾಳಿ ಹೊಡೆದ. ಹರಟೆ ಹೊಡೆಯುತ್ತ ಕೂತರು. ಪರೀಕ್ಷೆಯಲ್ಲಿ ಕಾಪಿ ಹೊಡೆದ. ಸಾಕ್ಸು ವಾಸನೆ ಹೊಡೀತಿದೆ. ಇಷ್ಟರಲ್ಲಿ ಒಂದರಲ್ಲೂ ಯಾರಿಗೂ ಏಟು ಬಿದ್ದಿಲ್ಲ! ನಮಗೆ ಇದು ತೊಡಕು ಅನ್ನಿಸುವುದಿಲ್ಲ. ನಾವು ‘ಹೊಡೆ’ಯನ್ನು ಒಂಟಿಯಾಗಿ ಕಲಿತವರಲ್ಲ, ಬಣ್ಣದ ಜೊತೆ, ನಿದ್ದೆಯ ಜೊತೆ, ಹರಟೆಯ ಜೊತೆ ಕಲಿತವರು.

ಇಂಗ್ಲಿಷಿನ ‘ಗೆಟ್’ ಅದೇ ಜಾತಿಯದು. ಶಾಲೆಯಲ್ಲಿ ‘ಗೆಟ್ ಅಂದರೆ ಪಡೆ’ ಅಂತ ಬರೆಸುತ್ತಾರೆ. ಅದನ್ನೇ ನಂಬಿಕೊಂಡು ಹೊರಟವನಿಗೆ ‘ಗೆಟ್ ಅಪ್’, ‘ಗೆಟ್ ಟೈರ್ಡ್’, ‘ಗೆಟ್ ಹೋಮ್’ ಎದುರಾದಾಗ ಪಡೆಯುವುದಕ್ಕೆ ಏನೂ ಸಿಗುವುದಿಲ್ಲ. ನಿಘಂಟು ತೆರೆದರೆ ಅರ್ಥಗಳ ಪಟ್ಟಿ ಪುಟಗಟ್ಟಲೆ ಹೋಗುತ್ತದೆ. ಇಂಥ ಪುಟ್ಟ ಪದಗಳ ಹಣೆಬರಹವೇ ಅದು. 1989ರಲ್ಲಿ ಬಂದ ಆಕ್ಸ್‌ಫರ್ಡ್ ಇಂಗ್ಲಿಷ್ ಡಿಕ್ಷನರಿಯ ಎರಡನೇ ಆವೃತ್ತಿಯಲ್ಲಿ ‘ಸೆಟ್’ ಎಂಬ ಮೂರಕ್ಷರದ ಪದದ ವಿವರಣೆಯೇ ಸುಮಾರು 60,000 ಪದಗಳಷ್ಟಿತ್ತು. ಅದನ್ನು ಬಾಯಿಪಾಠ ಮಾಡಿ ಯಾರೂ ಇಂಗ್ಲಿಷ್ ಕಲಿತಿಲ್ಲ.

ನನ್ನ ದಾರಿ ಬೇರೆ. ‘ಗೆಟ್’ನ ಮುಖ ನೋಡಬೇಡಿ, ಬಾಲ ನೋಡಿ. ಅಂದರೆ ಅದರ ಬೆನ್ನಿಗೇ ಯಾವ ಬಗೆಯ ಪದ ಬಂದಿದೆ ಅನ್ನುವುದನ್ನು ಮೊದಲು ಗುರುತಿಸಿ. ವಸ್ತುವಿನ ಹೆಸರೋ, ಸ್ಥಿತಿ ಹೇಳುವ ಪದವೋ, ಜಾಗವೋ, ಮಾಡಿ ಮುಗಿಸಿದ ಕೆಲಸವೋ, ಇಲ್ಲವೇ ‘ಅಪ್’, ‘ಆಫ್’ ಥರದ ಚಿಕ್ಕ ಪದವೋ? ಅಷ್ಟು ಗೊತ್ತಾದರೆ ಅರ್ಥ ತಾನಾಗಿ ಬಿಚ್ಚಿಕೊಳ್ಳುತ್ತದೆ.

ಹೆಜ್ಜೆ 1: ಬಾಲದಲ್ಲಿ ವಸ್ತು ಇದ್ದರೆ, ಅದು ಬಂತೋ ನಾವು ಹೋದೆವೋ ಕೇಳಿ

‘ಐ ಗಾಟ್ ಅ ಲೆಟರ್’ ಅಂದರೆ ನನಗೆ ಕಾಗದ ಬಂತು. ‘ಐ ಗಾಟ್ ಅ ನ್ಯೂ ಬ್ಯಾಗ್’ ಅಂದರೆ ಬಹುಪಾಲು ಹೊಸ ಬ್ಯಾಗು ತಗೊಂಡೆ. ‘ಗೆಟ್ ಮೀ ಅ ಚೇರ್’ ಅಂದರೆ ಒಂದು ಕುರ್ಚಿ ತಂದುಕೊಡು. ಮೊದಲನೆಯದರಲ್ಲಿ ವಸ್ತು ತಾನಾಗಿ ನನ್ನ ಕಡೆ ಬಂದಿದೆ. ಉಳಿದೆರಡರಲ್ಲಿ ಯಾರೋ ಎದ್ದು ಅದರ ಕಡೆ ಹೋಗಿದ್ದಾರೆ. ಕನ್ನಡ ಈ ವ್ಯತ್ಯಾಸವನ್ನು ಮುಚ್ಚಿಡುವುದಿಲ್ಲ. ತಾನಾಗಿ ಬಂದದ್ದಕ್ಕೆ ‘ನನಗೆ’, ನಾವು ಮಾಡಿದ್ದಕ್ಕೆ ‘ನಾನು’. ಇಂಗ್ಲಿಷಿನಲ್ಲಿ ಎರಡಕ್ಕೂ ‘ಐ’ ಒಂದೇ. ಉಳಿದದ್ದನ್ನು ಸಂದರ್ಭವೇ ಹೇಳಬೇಕು.

ಇದನ್ನು ತಿರುಗಿಸಿದರೆ ಮಾತನಾಡುವಾಗ ಬಹಳ ಉಪಯೋಗಕ್ಕೆ ಬರುತ್ತದೆ. ಮನಸ್ಸಿನಲ್ಲಿ ‘ನನಗೆ ಇಂಥದ್ದು ಬಂತು’ ಅಥವಾ ‘ನನಗೆ ಸಿಕ್ತು’ ಅಂತ ಕನ್ನಡ ವಾಕ್ಯ ಎದ್ದರೆ, ಬಾಯಲ್ಲಿ ‘ಐ ಗಾಟ್’ ಅಂತ ಶುರುಮಾಡಿ. ನನಗೆ ಎಂಬತ್ತು ಅಂಕ ಬಂತು: ‘ಐ ಗಾಟ್ ಎಯ್ಟಿ’. ಇಲ್ಲಿ ‘ಎಯ್ಟಿ ಮಾರ್ಕ್ಸ್ ಕೇಮ್ ಟು ಮೀ’ ಅಂದರೆ ಅಂಕಗಳು ಬಾಗಿಲು ತಟ್ಟಿ ಒಳಗೆ ಬಂದ ಹಾಗಾಗುತ್ತದೆ. ನನಗೆ ನೆಗಡಿ ಆಯ್ತು: ‘ಐ ಗಾಟ್ ಅ ಕೋಲ್ಡ್’. ನನಗೆ ಕೆಲಸ ಸಿಕ್ತು: ‘ಐ ಗಾಟ್ ಅ ಜಾಬ್’.

ಆದರೆ ಈ ಸೂತ್ರ ಒಂದು ಕಡೆ ಕೈಕೊಡುತ್ತದೆ. ಕನ್ನಡದಲ್ಲಿ ಸಿಟ್ಟು, ನಿದ್ದೆ, ಬೇಜಾರು ಎಲ್ಲವೂ ವಸ್ತುಗಳೇ. ನೆಂಟರ ಹಾಗೆ ಬರುತ್ತವೆ, ಹೋಗುತ್ತವೆ. ಇಂಗ್ಲಿಷಿನಲ್ಲಿ ಅವು ಮನುಷ್ಯನ ಸ್ಥಿತಿಗಳು. ‘ನನಗೆ ಸಿಟ್ಟು ಬಂತು’ ಅನ್ನುವುದು ‘ಐ ಗಾಟ್ ಆಂಗರ್’ ಆಗುವುದಿಲ್ಲ, ‘ಐ ಗಾಟ್ ಆಂಗ್ರಿ’ ಆಗುತ್ತದೆ. ನಿದ್ದೆ ಬರ್ತಿದೆ ಅನ್ನಲು ‘ಐ ಆ್ಯಮ್ ಗೆಟಿಂಗ್ ಸ್ಲೀಪ್’ ಅನ್ನುವವರನ್ನು ದಿನಕ್ಕೆ ಹತ್ತು ಸಲ ಕೇಳುತ್ತೇವೆ. ಬೇಕಾದದ್ದು ‘ಸ್ಲೀಪಿ’. ‘ಗೆಟಿಂಗ್ ಬೋರ್’ ಕೂಡ ಹಾಗೆಯೇ, ಅಲ್ಲಿ ‘ಬೋರ್ಡ್’ ಬರಬೇಕು. ಕೊನೆಯ ಆ ‘ಡ್’ ಬಾಯಲ್ಲಿ ನುಂಗಿಹೋದರೂ ಪರವಾಗಿಲ್ಲ, ಬರೆಯುವಾಗ ಬಿಡಬೇಡಿ.

ವಸ್ತುವಿನ ಜೊತೆ ಬರುವ ‘ಗೆಟ್’ಗೆ ಇನ್ನೆರಡು ಮುಖಗಳಿವೆ. ಒಂದು, ಅರ್ಥವಾಗುವುದು. ಜೋಕಿಗೆ ಎಲ್ಲರೂ ನಗುತ್ತಿರುವಾಗ ‘ಐ ಡೋಂಟ್ ಗೆಟ್ ಇಟ್’ ಅಂದರೆ ನನಗೆ ತಲೆಗೆ ಹೋಗಲಿಲ್ಲ ಅಂತ. ಎದುರಿಗಿದ್ದವರ ಮಾತು ಕಿವಿಗೆ ಸರಿಯಾಗಿ ಬೀಳದಿದ್ದಾಗ ನಾವು ‘ಐ ಆ್ಯಮ್ ನಾಟ್ ಗೆಟಿಂಗ್ ಯು’ ಅನ್ನುತ್ತೇವೆ. ಅದಕ್ಕಿಂತ ‘ಐ ಡಿಡಂಟ್ ಕ್ಯಾಚ್ ದ್ಯಾಟ್’ ಹಗುರ. ಇನ್ನೊಂದು, ಬಾಗಿಲ ಗಂಟೆಯೋ ಫೋನೋ ಸದ್ದು ಮಾಡಿದಾಗ ‘ಐ ವಿಲ್ ಗೆಟ್ ಇಟ್’ ಅನ್ನುವುದು: ನಾನು ನೋಡ್ತೀನಿ, ನೀವು ಏಳಬೇಡಿ. ಇಲ್ಲಿ ‘ಇಟ್’ ಬದಲು ‘ಯು’ ಹಾಕಿದಿರೋ ಕಥೆ ಕೆಟ್ಟಿತು. ‘ಐ ವಿಲ್ ಗೆಟ್ ಯು’ ಅಂದರೆ ನಿನ್ನನ್ನು ನೋಡಿಕೊಳ್ತೀನಿ ಇರು ಅನ್ನುವ ಧಮಕಿಯ ಹಾಗೂ ಕೇಳಿಸುತ್ತದೆ. ತಮಾಷೆ ಏನೆಂದರೆ ನಮ್ಮ ‘ನೋಡ್ತೀನಿ’ಗೂ ‘ನೋಡ್ಕೋತೀನಿ’ಗೂ ನಡುವೆ ಅಷ್ಟೇ ಅಂತರ ಇದೆ.

ಹೆಜ್ಜೆ 2: ಬಾಲದಲ್ಲಿ ಸ್ಥಿತಿ ಇದ್ದರೆ, ‘ಆಗು’ ಹಾಕಿ ನೋಡಿ

‘ಗೆಟ್ ಓಲ್ಡ್’ ಅಂದರೆ ವಯಸ್ಸಾಗು, ‘ಗೆಟ್ ರೆಡಿ’ ಅಂದರೆ ತಯಾರಾಗು, ‘ಗೆಟ್ ಡಾರ್ಕ್’ ಅಂದರೆ ಕತ್ತಲಾಗು, ‘ಗೆಟ್ ಬೆಟರ್’ ಅಂದರೆ ವಾಸಿಯಾಗು. ಇದು ಸುಲಭದ ದಾರಿ, ಹೆಚ್ಚು ಹೇಳಬೇಕಾಗಿಲ್ಲ.

ಗುಂಡಿ ಇರುವುದು ಒಂದೇ ಕಡೆ. ನಮ್ಮ ‘ಆಗು’ ಸ್ಥಿತಿಗೂ ಬರುತ್ತದೆ, ಹುದ್ದೆಗೂ ಬರುತ್ತದೆ. ಸುಸ್ತಾದೆ, ಡಾಕ್ಟರ್ ಆದೆ. ‘ಗೆಟ್’ ಹುದ್ದೆಗೆ ಬರುವುದಿಲ್ಲ. ‘ಶಿ ಗಾಟ್ ಅ ಡಾಕ್ಟರ್’ ಅಂದರೆ ಆಕೆ ಡಾಕ್ಟರ್ ಆದಳು ಅಂತಲ್ಲ, ಡಾಕ್ಟರನ್ನು ಕರೆತಂದಳು ಅಂತ. ಬಾಲದಲ್ಲಿ ಮನುಷ್ಯ ಬಂದನಲ್ಲ, ಹಾಗಾಗಿ ಮತ್ತೆ ಮೊದಲ ಹೆಜ್ಜೆಗೆ ಹೋಗಿಬಿಟ್ಟಿತು. ಹುದ್ದೆಗೆ ‘ಬಿಕಮ್’ ಬೇಕು. ಹಾಗೆಯೇ ಕೆಡುವ ಕಡೆಗಿನ ಕೆಲವು ಬದಲಾವಣೆಗಳಿಗೆ ಇಂಗ್ಲಿಷಿನವರು ‘ಗೋ’ ಬಳಸುತ್ತಾರೆ: ಹಾಲು ಕೆಟ್ಟರೆ ‘ಗೋಸ್ ಬ್ಯಾಡ್’, ಕಣ್ಣು ಹೋದರೆ ‘ಗೋಸ್ ಬ್ಲೈಂಡ್’, ತಲೆ ಬೋಳಾದರೆ ‘ಗೋಸ್ ಬಾಲ್ಡ್’. ನಾವೂ ‘ಕೆಟ್ಟುಹೋಯಿತು’, ‘ಕಣ್ಣು ಹೋಯಿತು’ ಅನ್ನುತ್ತೇವಲ್ಲ, ಅದನ್ನು ನೆನಪಿಟ್ಟುಕೊಂಡರೆ ಸಾಕು.

ಹೊರಡುವ ಗಡಿಬಿಡಿಯಲ್ಲಿ ‘ಐ ಆ್ಯಮ್ ಗೆಟಿಂಗ್ ಲೇಟ್’ ಅನ್ನುವುದು ನಮ್ಮ ಕಡೆ ಎಷ್ಟು ರೂಢಿಯಾಗಿದೆ ಅಂದರೆ ತಪ್ಪು ಅನ್ನಿಸುವುದೇ ಇಲ್ಲ. ಬ್ರಿಟಿಷ್ ಕಿವಿಗೆ ಅದು ವಿಚಿತ್ರ. ಹೊತ್ತಾಗುವುದು ಗಡಿಯಾರಕ್ಕೆ, ಆದ್ದರಿಂದ ‘ಇಟ್ಸ್ ಗೆಟಿಂಗ್ ಲೇಟ್’. ತಡವಾಗುವುದು ನನಗೆ, ಆದ್ದರಿಂದ ‘ಐ ಆ್ಯಮ್ ಲೇಟ್’.

ಹೆಜ್ಜೆ 3: ಜಾಗ ಇದ್ದರೆ ತಲುಪು

‘ಗೆಟ್ ಟು ದ ಸ್ಟೇಷನ್’, ‘ಗೆಟ್ ಟು ದ ಆಫೀಸ್’. ನಡುವೆ ಒಂದು ‘ಟು’ ಬೇಕು. ‘ಹೋಮ್’, ‘ಹಿಯರ್’, ‘ದೇರ್’ ಈ ಮೂರಕ್ಕೆ ಬೇಡ. ‘ಗೆಟ್ ಹೋಮ್’ ಸರಿ, ‘ಗೆಟ್ ಟು ಹೋಮ್’ ತಪ್ಪು. ಮನೆಗೆ ಅನ್ನುವ ‘ಗೆ’ ಪ್ರತ್ಯಯ ಆ ಪದಗಳ ಹೊಟ್ಟೆಯೊಳಗೇ ಸೇರಿಕೊಂಡಿದೆ ಅಂತ ತಿಳಿಯಿರಿ.

‘ಟು’ವಿನ ಮುಂದೆ ಜಾಗದ ಬದಲು ಕ್ರಿಯಾಪದ ಬಂದರೆ ಅರ್ಥ ಬೇರೆ. ‘ಐ ಗಾಟ್ ಟು ಮೀಟ್ ಹರ್’ ಅಂದರೆ ಅವರನ್ನು ಭೇಟಿಯಾಗುವ ಅವಕಾಶ ಸಿಕ್ಕಿತು. ಇದರಲ್ಲಿ ಸ್ವಲ್ಪ ಖುಷಿಯೂ ಬೆರೆತಿರುತ್ತದೆ. ಅದೇ ‘ಐ ಹ್ಯಾವ್ ಗಾಟ್ ಟು ಮೀಟ್ ಹರ್’ ಅಂದರೆ ಭೇಟಿಯಾಗಲೇಬೇಕು. ಒಂದು ‘ಹ್ಯಾವ್’ ಸೇರಿದ್ದಕ್ಕೆ ಅವಕಾಶ ಹೋಗಿ ಕರ್ತವ್ಯ ಬಂತು. ಕಷ್ಟ ಏನೆಂದರೆ ಆಡುಮಾತಿನಲ್ಲಿ ಆ ‘ಹ್ಯಾವ್’ ಕರಗಿ ‘ಗಾಟ’ ಅಂತಷ್ಟೇ ಕೇಳಿಸುತ್ತದೆ. ‘ಐ ಗಾಟ ಗೋ’ ಅಂದರೆ ಹೋಗಬೇಕು. ನಿನ್ನೆಯ ಸುದ್ದಿಯೋ ಈಗಿನ ಅವಸರವೋ ನೋಡಿಕೊಂಡು ತೀರ್ಮಾನಿಸಿ.

‘ಐ ಗಾಟ್ ಟು ನೋ’ ಬಗ್ಗೆ ಒಂದು ಮಾತು. ‘ನನಗೆ ವಿಷಯ ಗೊತ್ತಾಯಿತು’ ಅನ್ನಲು ನಾವು ಇದನ್ನು ಧಾರಾಳವಾಗಿ ಬಳಸುತ್ತೇವೆ. ಆದರೆ ‘ಗೆಟ್ ಟು ನೋ’ ಅಂದರೆ ಒಬ್ಬರ ಪರಿಚಯ ನಿಧಾನವಾಗಿ ಬೆಳೆಯುವುದು. ಸುದ್ದಿ ತಿಳಿದದ್ದಕ್ಕೆ ‘ಐ ಫೌಂಡ್ ಔಟ್’ ಅನ್ನಿ.

ಹೆಜ್ಜೆ 4: ಮಾಡಿದ್ದೋ, ಮಾಡಿಸಿದ್ದೋ?

ನನ್ನ ಮಟ್ಟಿಗೆ ‘ಗೆಟ್’ನ ಅತಿ ರುಚಿಯಾದ ಭಾಗ ಇದೇ. ಇಂಗ್ಲಿಷ್ ವ್ಯಾಕರಣದ ಪುಸ್ತಕಗಳು ಇದಕ್ಕೆ ದೊಡ್ಡ ಹೆಸರಿಟ್ಟು ಹೆದರಿಸುತ್ತವೆ. ಕನ್ನಡದವರಿಗೆ ಹೆದರಿಕೆ ಬೇಕಿಲ್ಲ, ನಮ್ಮ ಬಳಿ ‘ಇಸು’ ಇದೆ.

ಫೋನ್ ಕೆಟ್ಟಿತ್ತು, ಅಂಗಡಿಗೆ ಕೊಟ್ಟು ಸರಿಮಾಡಿಸಿದಿರಿ. ಸ್ನೇಹಿತರಿಗೆ ‘ಐ ರಿಪೇರ್ಡ್ ಮೈ ಫೋನ್’ ಅಂತ ಹೇಳಿದರೆ ಅವರು ನಿಮ್ಮನ್ನೇ ಮೆಕ್ಯಾನಿಕ್ ಅಂದುಕೊಂಡು ತಮ್ಮ ಫೋನೂ ಕೈಗಿಡುತ್ತಾರೆ. ಕನ್ನಡದಲ್ಲಿ ನೀವು ಈ ತಪ್ಪು ಎಂದೂ ಮಾಡುವುದಿಲ್ಲ. ‘ರಿಪೇರಿ ಮಾಡಿದೆ’ಗೂ ‘ರಿಪೇರಿ ಮಾಡಿಸಿದೆ’ಗೂ ಇರುವ ವ್ಯತ್ಯಾಸ ಮಕ್ಕಳಿಗೂ ಗೊತ್ತು. ಆ ‘ಇಸು’ವಿನ ಕೆಲಸವನ್ನು ಇಂಗ್ಲಿಷಿನಲ್ಲಿ ‘ಗೆಟ್’ ಮಾಡುತ್ತದೆ: ‘ಐ ಗಾಟ್ ಮೈ ಫೋನ್ ರಿಪೇರ್ಡ್’. ಅಚ್ಚು ಹೀಗೆ: ಮೊದಲು ‘ಗೆಟ್’, ಆಮೇಲೆ ವಸ್ತು, ಕೊನೆಯಲ್ಲಿ ಕ್ರಿಯಾಪದದ ಮೂರನೇ ರೂಪ. ಕೂದಲು ಕತ್ತರಿಸಿಕೊಂಡೆ ಅನ್ನಲು ‘ಐ ಗಾಟ್ ಮೈ ಹೇರ್ ಕಟ್’. ‘ಐ ಕಟ್ ಮೈ ಹೇರ್’ ಅಂದರೆ ಕನ್ನಡಿ ಮುಂದೆ ನಿಂತು ಸ್ವಂತ ಕೈಯಿಂದಲೇ ಕತ್ತರಿ ಆಡಿಸಿದೆ ಅಂತ ತಿಳಿಯುವ ಸಾಧ್ಯತೆಯೇ ಹೆಚ್ಚು.

ಮಾಡಿಸಿದ್ದು ಯಾರಿಂದ ಅಂತ ಹೇಳಬೇಕಾದರೆ ಅಚ್ಚು ಸ್ವಲ್ಪ ಬದಲಾಗುತ್ತದೆ. ‘ಐ ಗಾಟ್ ಹಿಮ್ ಟು ಸೈನ್’, ಅವರಿಂದ ಸಹಿ ಹಾಕಿಸಿದೆ. ಇಲ್ಲಿ ‘ಟು’ ಬಿಡಬಾರದು. ‘ಮೇಕ್’ ಮತ್ತು ‘ಹ್ಯಾವ್’ ಬಳಸಿದರೆ ‘ಟು’ ಬೇಡ: ‘ಐ ಮೇಡ್ ಹಿಮ್ ಸೈನ್’, ‘ಐ ಹ್ಯಾಡ್ ಹಿಮ್ ಸೈನ್’. ಮೂರರ ಧಾಟಿಯೂ ಬೇರೆ. ‘ಗಾಟ್’ ಅಂದರೆ ಪುಸಲಾಯಿಸಿಯೋ ಒಪ್ಪಿಸಿಯೋ ಹಾಕಿಸಿದ್ದು, ‘ಮೇಡ್’ ಅಂದರೆ ಬಿಡದೆ ಒತ್ತಾಯದಿಂದ ಹಾಕಿಸಿದ್ದು, ‘ಹ್ಯಾಡ್’ ಅಂದರೆ ಹೇಳಿ ಮಾಡಿಸುವ ಸ್ಥಾನದಲ್ಲಿ ನಾನಿದ್ದೆ ಅಂತ. ಕನ್ನಡದ ‘ಹಾಕಿಸಿದೆ’ಯಲ್ಲಿ ಈ ಮೂರೂ ಒಟ್ಟಿಗೆ ಮಲಗಿವೆ.

ಅಚ್ಚು ಒಂದೇ ಇದ್ದರೂ ಕೆಲವೊಮ್ಮೆ ‘ಇಸು’ ಹೊಂದುವುದಿಲ್ಲ. ‘ಹಿ ಗಾಟ್ ಹಿಸ್ ವ್ಯಾಲೆಟ್ ಸ್ಟೋಲನ್’ ಅಂದರೆ ಪರ್ಸನ್ನು ಕದಿಸಿದ ಅಂತಲ್ಲ, ಪರ್ಸು ಕಳವಾಯಿತು ಅಂತ. ಯಾರೂ ದುಡ್ಡು ಕೊಟ್ಟು ಕಳ್ಳತನ ಮಾಡಿಸಿಕೊಳ್ಳುವುದಿಲ್ಲ, ಹಾಗಾಗಿ ಗೊಂದಲವಿಲ್ಲ. ‘ಐ ವಿಲ್ ಗೆಟ್ ಇಟ್ ಡನ್ ಟುನೈಟ್’ ಅಂದಾಗಲೂ ಹೇಳುವವರೇ ಕೂತು ಮಾಡುವ ಸಾಧ್ಯತೆ ಇದೆ. ಅಲ್ಲಿ ‘ಮಾಡಿ ಮುಗಿಸಿಬಿಡ್ತೀನಿ’ ಅನ್ನುವುದೇ ಸರಿಯಾದ ಕನ್ನಡ.

ವಸ್ತು ಇಲ್ಲದೆ ನೇರವಾಗಿ ಮೂರನೇ ರೂಪ ಬಂದರೆ, ಏನೋ ನಮ್ಮ ಮೈಮೇಲೆ ಬಂದು ಬಿದ್ದಿದೆ ಅಂತ ಅರ್ಥ. ‘ಗಾಟ್ ಕಾಟ್’ ಅಂದರೆ ಸಿಕ್ಕಿಬಿದ್ದ, ‘ಗಾಟ್ ಸ್ಟಕ್’ ಅಂದರೆ ಸಿಕ್ಕಿಹಾಕಿಕೊಂಡ, ‘ಗಾಟ್ ಬೀಟನ್’ ಅಂದರೆ ಏಟು ತಿಂದ. ‘ಸಿಗು’ ಮತ್ತೆ ‘ಸಿಕ್ಕಿ’ ವೇಷದಲ್ಲಿ ಬಂದದ್ದು ಗಮನಿಸಿದಿರಾ? ಒಳ್ಳೆಯದಕ್ಕೂ ಇದು ಬರುತ್ತದೆ, ‘ಗಾಟ್ ಪ್ರಮೋಟೆಡ್’ ಅಂದರೆ ಬಡ್ತಿ ಸಿಕ್ತು. ಮದುವೆಗೆ ‘ಗಾಟ್ ಮ್ಯಾರಿಡ್’. ಅದು ಒಳ್ಳೆಯದೋ ಕೆಟ್ಟದ್ದೋ ಅನ್ನುವುದನ್ನು ಅವರವರಿಗೇ ಬಿಡುತ್ತೇನೆ. ಆದರೆ ಮದುವೆಯಾದವರ ಹೆಸರಿನ ಹಿಂದೆ ‘ವಿತ್’ ಬೇಡ, ‘ಟು’ ಬೇಕು: ‘ಗಾಟ್ ಮ್ಯಾರಿಡ್ ಟು’.

ಹೆಜ್ಜೆ 5: ಚಿಕ್ಕ ಬಾಲಗಳು

‘ಅಪ್’, ‘ಆನ್’, ‘ಆಫ್’, ‘ಓವರ್’ ಥರದ ಪದ ಅಂಟಿಕೊಂಡರೆ ಅದನ್ನು ‘ಗೆಟ್’ ಜೊತೆ ಸೇರಿಸಿ ಒಂದೇ ಹೊಸ ಪದ ಅಂತ ಕಲಿಯಬೇಕು. ಇಲ್ಲಿ ಸೂತ್ರ ಹುಡುಕುತ್ತ ಕೂರಬೇಡಿ.

ಒಂದು ಜೋಡಿಗೆ ಮಾತ್ರ ಸೂತ್ರವಿದೆ. ನೀವು ಒಳಗೆ ಎದ್ದು ನಿಂತು ಓಡಾಡಬಹುದಾದ ವಾಹನಗಳಿಗೆ, ಅಂದರೆ ಬಸ್ಸು, ರೈಲು, ವಿಮಾನ, ಹಡಗಿಗೆ ‘ಗೆಟ್ ಆನ್’, ‘ಗೆಟ್ ಆಫ್’. ತಲೆ ಬಗ್ಗಿಸಿ ಒಳಗೆ ನುಸುಳಬೇಕಾದ ಕಾರು, ಟ್ಯಾಕ್ಸಿಗೆ ‘ಗೆಟ್ ಇನ್’, ‘ಗೆಟ್ ಔಟ್’. ಕಾಲು ಆಚೀಚೆ ಹಾಕಿ ಕೂರುವ ಸೈಕಲ್ಲು, ಕುದುರೆಗೆ ಮತ್ತೆ ‘ಆನ್’, ‘ಆಫ್’. ಬಸ್ಸಿನಿಂದ ಇಳಿಯಲು ನಾವು ‘ಗೆಟ್ ಡೌನ್’ ಅನ್ನುತ್ತೇವೆ. ಭಾರತದ ಇಂಗ್ಲಿಷಿನಲ್ಲಿ ಅದು ಊರಿಗೆಲ್ಲ ಅರ್ಥವಾಗುತ್ತದೆ, ನಾಚಿಕೊಳ್ಳಬೇಕಾಗಿಲ್ಲ. ಹೊರದೇಶದವರ ಮುಂದೆ ಮಾತ್ರ ‘ಗೆಟ್ ಆಫ್’ ಅನ್ನಿ. ಅವರಿಗೆ ‘ಗೆಟ್ ಡೌನ್’ ಅಂದರೆ ಏಣಿಯಿಂದಲೋ ಮರದಿಂದಲೋ ಇಳಿಯುವುದು, ಇಲ್ಲವೇ ಗುಂಡು ಹಾರುವಾಗ ನೆಲಕ್ಕೆ ಬಗ್ಗುವುದು.

ಉಳಿದವುಗಳಲ್ಲಿ ಕೆಲವಕ್ಕೆ ಕನ್ನಡದಲ್ಲಿ ಚೊಕ್ಕ ಜೋಡಿಗಳಿವೆ. ‘ಗೆಟ್ ಅವೇ ವಿತ್’ಗೆ ದಕ್ಕಿಸಿಕೊಳ್ಳು. ತಪ್ಪು ಮಾಡಿಯೂ ಶಿಕ್ಷೆಯಿಲ್ಲದೆ ಪಾರಾದವನ ಬಗ್ಗೆ ಇದಕ್ಕಿಂತ ಒಳ್ಳೆಯ ಪದ ನನಗೆ ಸಿಕ್ಕಿಲ್ಲ. ‘ಗೆಟ್ ಬೈ’ಗೆ ಹೇಗೋ ದಿನ ದೂಡು. ‘ಗೆಟ್ ಅಲಾಂಗ್’ಗೆ ಹೊಂದಿಕೊಂಡು ಹೋಗು. ‘ಗೆಟ್ ಓವರ್’ಗೆ ಚೇತರಿಸಿಕೊಳ್ಳು, ಅದು ಜ್ವರದಿಂದಾದರೂ ಸರಿ, ದುಃಖದಿಂದಾದರೂ ಸರಿ. ‘ಗೆಟ್ ರಿಡ್ ಆಫ್’ಗೆ ತೊಲಗಿಸು. ‘ವಾಟ್ ಆರ್ ಯು ಗೆಟಿಂಗ್ ಅಟ್?’ ಅಂದರೆ ನಿಮ್ಮ ಮಾತಿನ ಮರ್ಮ ಏನು?

ಈ ಬಾಲಗಳ ವಿಷಯದಲ್ಲಿ ನಾನೊಮ್ಮೆ ಚೆನ್ನಾಗಿ ಎಡವಿದ್ದೇನೆ. ಹಿಂದೆ ಕೆಲಸ ಮಾಡುತ್ತಿದ್ದ ಕಡೆ ಗ್ರಾಹಕರೊಬ್ಬರು ದೂರು ಬರೆದಿದ್ದರು. ವಿಚಾರಿಸಿ ನಾಳೆ ಉತ್ತರಿಸುತ್ತೇನೆ ಅನ್ನುವುದಕ್ಕೆ ನಾನು ‘ಐ ವಿಲ್ ಗೆಟ್ ಬ್ಯಾಕ್ ಅಟ್ ಯು ಟುಮಾರೋ’ ಅಂತ ಈಮೇಲ್ ಕಳಿಸಿದೆ. ಇರಬೇಕಾದದ್ದು ‘ಗೆಟ್ ಬ್ಯಾಕ್ ಟು ಯು’. ‘ಅಟ್’ ಹಾಕಿದರೆ ಅದು ಸೇಡು ತೀರಿಸಿಕೊಳ್ಳುವುದು. ಅಂದರೆ ದೂರು ಕೊಟ್ಟವರಿಗೆ ‘ನಾಳೆ ನಿಮ್ಮ ಮೇಲೆ ಸೇಡು ತೀರಿಸಿಕೊಳ್ತೇನೆ’ ಅಂತ ವಿನಯದಿಂದ ದಿನ ನಿಗದಿ ಮಾಡಿ ತಿಳಿಸಿದ್ದೆ. ಕೆಳಗೆ ‘ವಾರ್ಮ್ ರಿಗಾರ್ಡ್ಸ್’ ಬೇರೆ. ಆ ಪುಣ್ಯಾತ್ಮರು ಬರೆದ ಉತ್ತರ ಒಂದೇ ಸಾಲು: ‘ಪ್ಲೀಸ್ ಡೋಂಟ್’.

ಹೆಜ್ಜೆ 6: ಬರವಣಿಗೆಯಲ್ಲಿ ಎಲ್ಲಿ ಬಿಡಬೇಕು

ಪ್ರಬಂಧದಲ್ಲಿ ‘ಗೆಟ್’ ಕಂಡ ಕೂಡಲೇ ಕೆಂಪು ಗೆರೆ ಎಳೆಯುವ ಮೇಷ್ಟ್ರುಗಳಿದ್ದಾರೆ. ನನಗೆ ಅದು ಅತಿ ಅನ್ನಿಸುತ್ತದೆ. ಸ್ನೇಹಿತರಿಗೆ, ಸಹೋದ್ಯೋಗಿಗಳಿಗೆ ಬರೆಯುವಾಗ ‘ಐ ಗಾಟ್ ಯುವರ್ ಮೇಲ್’ ಸಹಜ. ಅರ್ಜಿ, ವರದಿ, ಸಂಶೋಧನಾ ಲೇಖನಗಳಲ್ಲಿ ಮಾತ್ರ ಬದಲಿಸಿ: ಬಂದದ್ದಕ್ಕೆ ‘ರಿಸೀವ್’, ಪ್ರಯತ್ನಪಟ್ಟು ಪಡೆದದ್ದಕ್ಕೆ ‘ಅಬ್ಟೇನ್’, ಆದದ್ದಕ್ಕೆ ‘ಬಿಕಮ್’, ತಲುಪಿದ್ದಕ್ಕೆ ‘ಅರೈವ್’ ಅಥವಾ ‘ರೀಚ್’. ಯಾವುದಕ್ಕೆ ಯಾವುದು ಅನ್ನುವುದು ಮೇಲಿನ ಹೆಜ್ಜೆಗಳಲ್ಲಿ ಬಾಲ ನೋಡಿದಾಗಲೇ ಗೊತ್ತಾಗಿರುತ್ತದೆ.

ರೂಪಗಳ ವಿಷಯದಲ್ಲಿ ಒಂದು ಪ್ರಶ್ನೆ ಮತ್ತೆ ಮತ್ತೆ ಬರುತ್ತದೆ: ‘ಗಾಟನ್’ ತಪ್ಪೇ? ತಪ್ಪಲ್ಲ, ಅದು ಅಮೆರಿಕದ್ದು. ‘ಗೆಟ್’ ಇಂಗ್ಲಿಷಿಗೆ ಬಂದದ್ದು ವೈಕಿಂಗರ ಹಳೆಯ ನಾರ್ಸ್ ಭಾಷೆಯಿಂದ. ‘ಗಾಟನ್’ ಅದರ ಹಳೆಯ ರೂಪಗಳಲ್ಲಿ ಒಂದು. ಬ್ರಿಟನ್ನಿನಲ್ಲಿ ಅದು ಬಳಕೆ ತಪ್ಪಿತು, ಅಮೆರಿಕದಲ್ಲಿ ಉಳಿಯಿತು. ‘ಫರ್ಗೆಟ್’, ‘ಫರ್ಗಾಟನ್’ನಲ್ಲಿ ಬ್ರಿಟಿಷರೂ ಆ ಬಾಲವನ್ನು ಇನ್ನೂ ಇಟ್ಟುಕೊಂಡಿದ್ದಾರೆ. ಅಮೆರಿಕದವರಿಗೆ ಇದರಿಂದ ಒಂದು ಅನುಕೂಲ ಇದೆ: ‘ಐ ಹ್ಯಾವ್ ಗಾಟ್ ಅ ಟಿಕೆಟ್’ ಅಂದರೆ ನನ್ನ ಹತ್ತಿರ ಟಿಕೆಟ್ ಇದೆ, ‘ಐ ಹ್ಯಾವ್ ಗಾಟನ್ ಅ ಟಿಕೆಟ್’ ಅಂದರೆ ಟಿಕೆಟ್ ಸಿಕ್ಕಿದೆ. ಯಾವುದಾದರೂ ಒಂದು ಪದ್ಧತಿ ಹಿಡಿದುಕೊಳ್ಳಿ, ಒಂದೇ ಪುಟದಲ್ಲಿ ಎರಡನ್ನೂ ಬೆರೆಸಬೇಡಿ.

ಈಗ ಕೈಯಾರೆ ಮಾಡಿ ನೋಡಿ

ಈ ವಾಕ್ಯ ತೆಗೆದುಕೊಳ್ಳಿ: ‘ಐ ಗಾಟ್ ಅಪ್ ಲೇಟ್, ಗಾಟ್ ಡ್ರೆಸ್ಡ್, ಗಾಟ್ ಟು ದ ಸ್ಟೇಷನ್, ಗಾಟ್ ಆನ್ ದ ರಾಂಗ್ ಟ್ರೇನ್ ಆ್ಯಂಡ್ ಗಾಟ್ ಲಾಸ್ಟ್’. ಕನ್ನಡದಲ್ಲಿ: ತಡವಾಗಿ ಎದ್ದೆ, ಬಟ್ಟೆ ಹಾಕಿಕೊಂಡೆ, ಸ್ಟೇಷನ್ ತಲುಪಿದೆ, ತಪ್ಪು ರೈಲು ಹತ್ತಿದೆ, ದಾರಿ ತಪ್ಪಿದೆ. ಐದು ‘ಗಾಟ್’ಗೆ ಐದು ಬೇರೆ ಕ್ರಿಯಾಪದ, ‘ಪಡೆ’ ಒಮ್ಮೆಯೂ ಬಂದಿಲ್ಲ. ಕನ್ನಡ ಸಾಲನ್ನಷ್ಟೇ ಮುಂದಿಟ್ಟುಕೊಂಡು ಇಂಗ್ಲಿಷ್ ವಾಕ್ಯವನ್ನು ಗಟ್ಟಿಯಾಗಿ ಹೇಳಿ. ಮೊದಲ ಸಲ ಮೂರನೆಯದರ ಹತ್ತಿರ ತಡವರಿಸುತ್ತೀರಿ.

ಆಮೇಲೆ ಒಂದು ವಾರ ನೋಟ್‌ಬುಕ್ಕಿನಲ್ಲಿ ಒಂದು ಪುಟ ಇದಕ್ಕೇ ಮೀಸಲಿಡಿ. ಓದುವಾಗ, ಕೇಳುವಾಗ ಎದುರಾದ ಪ್ರತಿ ‘ಗೆಟ್’ ಅನ್ನು ಬಾಲ ಸಮೇತ ಬರೆದುಕೊಳ್ಳಿ, ಪಕ್ಕದಲ್ಲಿ ಆ ಸಂದರ್ಭಕ್ಕೆ ನೀವು ಮನೆಯಲ್ಲಿ ಆಡುವ ಕನ್ನಡ ಪದ ಬರೆಯಿರಿ. ನಿಘಂಟಿನ ಪದ ಬೇಡ. ‘ಗೆಟ್ ಇಟ್ ಓವರ್ ವಿತ್’ ಎದುರಿಗೆ ‘ಒಂದ್ಸಲ ಮುಗಿಸಿ ಕೈತೊಳ್ಕೋ’ ಅಂತ ಬರೆದುಕೊಂಡರೆ ಅದು ಮರೆತುಹೋಗುವುದಿಲ್ಲ. ಪುಟ ತುಂಬಿದ ಮೇಲೆ ‘ಸಿಗು’, ‘ಆಗು’, ‘ತಲುಪು’, ‘ಇಸು’ ಅಂತ ನಾಲ್ಕು ಬಣ್ಣದಲ್ಲಿ ಗುರುತು ಹಾಕಿ. ಯಾವ ಬಣ್ಣಕ್ಕೂ ಸೇರದೆ ಉಳಿದವೆಲ್ಲ ಐದನೇ ಹೆಜ್ಜೆಯವು. ಅವನ್ನು ಮಾತ್ರ ಬಾಯಿಪಾಠ ಮಾಡಿ.